‘ಏನಿಲ್ಲ ಮೇಡಂ, ಸುಮ್ನೆ ಬಂದೆ’

(ಆಪ್ತಸಮಾಲೋಚನೆ, ಅಂದರೆ ಕೌನ್ಸೆಲಿಂಗ್, ಕಲಿಯುತ್ತಿರುವವರಿಗೆ ಮಾಡಿದ ಭಾಷಣ ಇದು. ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ. ಇಲ್ಲಿ ಬರುವ ಸಂಭಾಷಣೆಗಳು ಯಾವ ಕ್ಲೈಂಟಿನದ್ದೂ ಅಲ್ಲ, ತರಗತಿಯ ರೋಲ್ ಪ್ಲೇಗೆ ಅಂತ ನಾನೇ ಕಟ್ಟಿದವು.)

ಎಲ್ಲರಿಗೂ ನಮಸ್ಕಾರ. ಇವತ್ತು ಥಿಯರಿ ಜಾಸ್ತಿ ಹೇಳುವುದಿಲ್ಲ. ಅದಕ್ಕೆ ನಿಮ್ಮ ಹತ್ತಿರ ನೋಟ್ಸ್ ಇದೆ, ಪರೀಕ್ಷೆಯೂ ಇದೆ. ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಮೊದಲ ಸಲ ಬಂದ ಕ್ಲೈಂಟ್ ಏನೋ ಒಂದು ಮಾತು ಹೇಳುತ್ತಾರೆ. ತಕ್ಷಣ ನಿಮ್ಮ ಬಾಯಿಂದ ಒಂದು ಸಾಲು ಬರುತ್ತದಲ್ಲ, ಆ ಸಾಲು ಯಾರಿಗೋಸ್ಕರ ಬಂತು ಅಂತ ಕೇಳಿಕೊಳ್ಳಿ. ಎಷ್ಟೋ ಸಲ ಅದು ಕ್ಲೈಂಟಿಗೋಸ್ಕರ ಬಂದಿರುವುದಿಲ್ಲ. ನಿಮ್ಮ ಗಾಬರಿ ಇಳಿಯಲಿ ಅಂತ ಬಂದಿರುತ್ತದೆ.

ಈ ತುಣುಕು ನೋಡಿ. ಕೌನ್ಸೆಲರ್ ಕೋರ್ಸಿನ ಎರಡನೇ ಸೆಮಿಸ್ಟರಿನ ಹುಡುಗಿ. ಕ್ಲೈಂಟ್ ಡಿಗ್ರಿ ಓದುವ ಹುಡುಗ.

— ಹೇಳಿ, ಏನ್ ಸಮಸ್ಯೆ?
— ಏನಿಲ್ಲ ಮೇಡಂ, ಸುಮ್ನೆ ಬಂದೆ. ನಿದ್ದೆ ಸರಿಯಾಗಿ ಬರ್ತಿಲ್ಲ.
— ಎಷ್ಟು ದಿನದಿಂದ?
— ಒಂದೆರಡು ತಿಂಗಳಾಯ್ತು.
— ರಾತ್ರಿ ಮೊಬೈಲ್ ನೋಡ್ತೀರಾ?
— ನೋಡ್ತೀನಿ.
— ಕಾಫಿ, ಟೀ?
— ದಿನಕ್ಕೆ ಎರಡು ಸಲ.
— ಮನೇಲಿ ಯಾರ್ಯಾರಿದ್ದೀರಾ?
— ಅಮ್ಮ, ನಾನು, ತಮ್ಮ. ಅಪ್ಪ ಈಗ... ಇಲ್ಲ.
— ಓ. ತಮ್ಮ ಏನ್ ಓದ್ತಿದ್ದಾನೆ?
— ಪಿಯುಸಿ.

ಇಲ್ಲಿ ಕೇಳಬಾರದ ಪ್ರಶ್ನೆ ಒಂದೂ ಇಲ್ಲ. ನಿದ್ದೆ ಬರದವರನ್ನು ಮೊಬೈಲ್ ಬಗ್ಗೆ, ಕಾಫಿ ಬಗ್ಗೆ ಕೇಳಲೇಬೇಕು. ಆದರೆ ‘ಅಪ್ಪ ಈಗ... ಇಲ್ಲ’ ಅಂದನಲ್ಲ, ಅಲ್ಲಿ ನಿಲ್ಲಿ. ಹೇಳುತ್ತಾ ಹೇಳುತ್ತಾ ತಡೆದಿದ್ದಾನೆ. ಅಪ್ಪ ತೀರಿಕೊಂಡರೋ, ಮನೆ ಬಿಟ್ಟು ಹೋದರೋ, ದುಬೈಗೆ ಕೆಲಸಕ್ಕೆ ಹೋಗಿದ್ದಾರೋ ನಮಗೆ ಗೊತ್ತಿಲ್ಲ. ಕೌನ್ಸೆಲರಿಗೆ ಇದು ಕೇಳಿಸಲಿಲ್ಲ ಅಂತೇನೂ ಅಲ್ಲ. ಆ ‘ಓ’ ಇದೆಯಲ್ಲ, ಅದೇ ಸಾಕ್ಷಿ. ಕೇಳಿಸಿತು, ಹೆದರಿಕೆ ಆಯಿತು, ತಮ್ಮನ ಓದಿನ ಕಡೆ ಓಡಿದಳು. ರೋಲ್ ಪ್ಲೇ ಮುಗಿದ ಮೇಲೆ ಯಾಕಮ್ಮ ಹಾಗೆ ಮಾಡಿದೆ ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಇದನ್ನೇ: ‘ಕೇಳಿದ್ರೆ ಅತ್ಬಿಡ್ತಾನೇನೋ ಅನ್ನಿಸ್ತು ಮೇಡಂ. ಅತ್ರೆ ನಾನೇನ್ ಮಾಡ್ಲಿ?’

ಇನ್ನು ಆ ಹುಡುಗನ ಕಡೆಯಿಂದ ನೋಡಿ. ಅವನು ಸುಮ್ಮನೆ ಉತ್ತರ ಕೊಡುತ್ತಾ ಕೂತಿಲ್ಲ, ಈ ರೂಮಿನಲ್ಲಿ ಹೇಗಿರಬೇಕು ಅಂತ ಕಲಿಯುತ್ತಿದ್ದಾನೆ. ಮೇಡಂ ಕೇಳಬೇಕು, ನಾನು ಒಂದೆರಡು ಪದದಲ್ಲಿ ಹೇಳಬೇಕು, ಆಧಾರ್ ಕಾರ್ಡಿಗೆ ವಿವರ ಬರೆಸುವ ಹಾಗೆ. ಹತ್ತು ನಿಮಿಷ ಹೀಗೆ ನಡೆದ ಮೇಲೆ ನೀವು ಪೆನ್ನು ಕೆಳಗಿಟ್ಟು ‘ಈಗ ಮನಸ್ಸು ಬಿಚ್ಚಿ ಮಾತಾಡಿ’ ಅಂದರೆ ಅವನಿಗೆ ಮಾತು ಹೊರಡುವುದಿಲ್ಲ. ‘ಕ್ಲೈಂಟ್ ರೆಸಿಸ್ಟೆಂಟ್ ಆಗಿದ್ದ’, ಅಂದರೆ ಬಾಯಿ ಬಿಡಲು ಒಪ್ಪಲಿಲ್ಲ ಅಂತ ರಿಪೋರ್ಟಿನಲ್ಲಿ ಬರೆದುಕೊಂಡು ಬರುತ್ತೀರಿ. ರೆಸಿಸ್ಟೆಂಟ್ ಅಲ್ಲ ಕಣ್ರಪ್ಪಾ, ನೀವು ಹೇಳಿಕೊಟ್ಟಿದ್ದನ್ನು ಚೆನ್ನಾಗಿ ಕಲಿತಿದ್ದಾನೆ ಅಷ್ಟೇ.

ಮಾತಿನ ಈ ಸಣ್ಣ ಸಣ್ಣ ಚಲನೆಗಳನ್ನು ನೋಡುವ ಶಾಸ್ತ್ರವೇ ಒಂದಿದೆ, ಸಂಭಾಷಣೆಯ ವಿಶ್ಲೇಷಣೆ ಅಂತ. ಅದು ಹುಟ್ಟಿದ್ದೂ ಇಂಥ ಮಾತುಗಳಿಂದಲೇ. ಹಾರ್ವಿ ಸ್ಯಾಕ್ಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1963-64ರಲ್ಲಿ ಲಾಸ್ ಏಂಜಲೀಸಿನ ಆತ್ಮಹತ್ಯೆ ಅಧ್ಯಯನ ಕೇಂದ್ರದಲ್ಲಿದ್ದರು. ಸಹಾಯ ಕೇಳಿ ಬರುತ್ತಿದ್ದ ಫೋನ್ ಕರೆಗಳನ್ನು ಕೇಳುತ್ತಾ ಕೂತಾಗ ಅವರಿಗೆ ಒಂದು ವಿಷಯ ಕಾಣಿಸಿತು. ಸಿಬ್ಬಂದಿ ‘ನಾನು ಸ್ಮಿತ್, ಏನು ಸಹಾಯ ಮಾಡಲಿ?’ ಅಂದರೆ ಆ ಕಡೆಯವರು ಸಾಮಾನ್ಯವಾಗಿ ತಮ್ಮ ಹೆಸರನ್ನೂ ಹೇಳುತ್ತಿದ್ದರು. ಯಾರೂ ಕೇಳಿಲ್ಲ, ಆದರೂ ಹೇಳುತ್ತಾರೆ, ಇವರು ಹೇಳಿದರಲ್ಲ ಅಂತ. ಒಬ್ಬ ಮಾತ್ರ ‘ನಿಮ್ಮ ಮಾತು ಕೇಳಿಸ್ತಿಲ್ಲ’ ಅಂದ. ಸಿಬ್ಬಂದಿ ಮತ್ತೆ ‘ನಾನು ಸ್ಮಿತ್’ ಅಂದರು. ಅವನು ‘ಸ್ಮಿತ್’ ಅಂತ ತಿರುಗಿ ಹೇಳಿದ. ಅಷ್ಟರಲ್ಲಿ ಅವನು ಹೆಸರು ಹೇಳಬೇಕಾದ ಜಾಗ ದಾಟಿ ಹೋಗಿತ್ತು. ಹೆಸರು ಹೇಳಲ್ಲ ಅಂತ ಒಂದು ಸಲವೂ ಹೇಳದೆ ಹೆಸರು ಹೇಳುವುದನ್ನು ತಪ್ಪಿಸಿಕೊಂಡ! ಕಷ್ಟದಲ್ಲಿರುವ ಮನುಷ್ಯ ಮಾತಿನಲ್ಲಿ ಎಷ್ಟು ಜಾಣನಾಗಿರುತ್ತಾನೆ ನೋಡಿ. ನಿಮ್ಮ ಎದುರು ‘ಏನಿಲ್ಲ ಮೇಡಂ’ ಅನ್ನುವವರೂ ಇಷ್ಟೇ ಜಾಣರು.

ಡಾಕ್ಟರುಗಳ ಬಗ್ಗೆ ಇನ್ನೊಂದು ಅಧ್ಯಯನ ಇದೆ, ನೀವು ಕೇಳಿರಬಹುದು. 1984ರಲ್ಲಿ ಹೊವಾರ್ಡ್ ಬೆಕ್‌ಮನ್ ಮತ್ತು ರಿಚರ್ಡ್ ಫ್ರಾಂಕೆಲ್ 74 ಭೇಟಿಗಳ ಮಾತನ್ನು ನೋಡಿದರು. ರೋಗಿ ಬಂದ ಕಾರಣ ಹೇಳಲು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕಿದ್ದರು. ಪೂರ್ತಿ ಹೇಳಿ ಮುಗಿಸಿದವರು 100ಕ್ಕೆ 23 ಮಂದಿ. ನನಗೆ ಈ 18 ಸೆಕೆಂಡಿಗಿಂತ ಮುಖ್ಯ ಅನ್ನಿಸುವುದು ಅದೇ ಅಧ್ಯಯನದ ಇನ್ನೊಂದು ಸಂಗತಿ. ಹೇಳಲು ಬಿಟ್ಟಾಗ ಹೆಚ್ಚಿನವರು ಒಂದು ನಿಮಿಷದೊಳಗೆ ಮುಗಿಸಿದ್ದರು, ಯಾರೂ ಎರಡೂವರೆ ನಿಮಿಷ ದಾಟಿರಲಿಲ್ಲ. ‘ಬಿಟ್ರೆ ಇವ್ರು ಸಂಜೆವರೆಗೂ ಹೇಳ್ತಾರೆ’ ಅನ್ನುವುದು ನಮ್ಮ ಭಯ. ಅಲ್ಲಿ ಆದದ್ದು ಬೇರೆ. ಡಾಕ್ಟರಿಗೆ ಹೊರಗೆ ಕ್ಯೂ ಇರುತ್ತದೆ ಅನ್ನೋಣ. ನಿಮ್ಮ ಕೈಯಲ್ಲಿ ಮುಕ್ಕಾಲು ಗಂಟೆ ಇದೆ. ಮೊದಲ ಮೂರು ನಿಮಿಷ ಬಿಟ್ಟುಕೊಡಲು ಏನಡ್ಡಿ?

ಹಾಗಾದರೆ ಶುರು ಮಾಡುವುದು ಹೇಗೆ? ‘ಏನ್ ಸಮಸ್ಯೆ?’ ಅಂತ ಕೇಳಿದರೆ ಸಮಸ್ಯೆಗೆ ಒಂದು ಹೆಸರು ಇಟ್ಟುಕೊಂಡೇ ಬಂದಿರಬೇಕು ಅಂತಾಗುತ್ತದೆ. ಹೆಚ್ಚಿನವರ ಹತ್ತಿರ ಆ ಹೆಸರು ಇರುವುದಿಲ್ಲ, ಇದ್ದರೂ ಅಪರಿಚಿತರ ಎದುರು ಹೇಳಲು ನಾಚಿಕೆ. ಅದಕ್ಕೇ ‘ಏನಿಲ್ಲ’ ಬರುವುದು. ‘ಬರಬೇಕು ಅಂತ ಯಾವಾಗ ಅನ್ನಿಸ್ತು?’ ಅಂತ ಕೇಳಿ ನೋಡಿ. ಅದಕ್ಕೆ ಒಂದು ಕಥೆ ಹೇಳಬಹುದು. ಕಥೆ ಹೇಳುವುದು ನಮ್ಮವರಿಗೆ ಸುಲಭ. ‘ಹೋದ ಗುರುವಾರ ಅಕ್ಕ ಬಂದಿದ್ಲು, ಏನೋ ಮಾತಿಗೆ ಮಾತು ಬಂತು’ ಅಂತ ಶುರುವಾದರೆ ಸಮಸ್ಯೆ ತಾನಾಗೇ ಅದರ ಹಿಂದೆ ಬರುತ್ತದೆ.

ಇನ್ನೊಂದು ಬಗೆಯ ಶುರು ಮೈ ನೋವಿನದು. ತಲೆ ಭಾರ, ಎದೆ ಉರಿ, ಕೈಕಾಲು ಜೋಮು, ಸುಸ್ತು. ಸ್ಕ್ಯಾನ್ ಆಗಿದೆ, ರಕ್ತ ಪರೀಕ್ಷೆ ಆಗಿದೆ, ಎಲ್ಲಾ ನಾರ್ಮಲ್. ಟ್ರೈನಿಗಳಿಗೆ ಇಲ್ಲಿ ಒಂದು ಅವಸರ ಇರುತ್ತದೆ: ಇದು ಮೈಯದಲ್ಲ, ಮನಸ್ಸಿನದು ಅಂತ ತೋರಿಸಿಕೊಡಬೇಕು. ದಯವಿಟ್ಟು ಬೇಡ. 1996ರಲ್ಲಿ ನಿಮ್ಹಾನ್ಸಿನ ಆರ್. ರಘುರಾಮ್, ಎಸ್.ಎಂ. ಚನ್ನಬಸವಣ್ಣ ಮತ್ತಿತರರು ಬೆಂಗಳೂರಿನ ರೋಗಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉತ್ತರ. ಖಿನ್ನತೆಯ ಲಕ್ಷಣ ಜಾಸ್ತಿ ಇದ್ದವರು ಅವಮಾನದ ಭಯವನ್ನೂ ಜಾಸ್ತಿ ಹೇಳಿದ್ದರು, ಮೈ ನೋವಿನ ಲಕ್ಷಣ ಜಾಸ್ತಿ ಇದ್ದವರಲ್ಲಿ ಆ ಭಯ ಕಡಿಮೆ ಇತ್ತು. ಅರ್ಥ ಆಯಿತಲ್ಲ? ತಲೆನೋವು ಎಲ್ಲರಿಗೂ ಬರುತ್ತದೆ, ಅದನ್ನು ಹೇಳಿಕೊಂಡರೆ ಯಾರೂ ಆಡಿಕೊಳ್ಳುವುದಿಲ್ಲ. ದುಃಖ ಅಂದರೆ ಬೀದಿಯವರಿಗೆಲ್ಲ ಗೊತ್ತಾಗುತ್ತದೆ, ಜನ ಬೇರೆ ಥರ ನೋಡುತ್ತಾರೆ. ಹಾಗಾಗಿ ತಲೆನೋವಿನಿಂದ ಮಾತು ಶುರು ಮಾಡುವವರು ಮೋಸ ಮಾಡುತ್ತಿಲ್ಲ, ಅಜ್ಞಾನಿಗಳೂ ಅಲ್ಲ. ಮರ್ಯಾದೆ ಉಳಿಯುವ ಬಾಗಿಲಿನಿಂದ ಒಳಗೆ ಬರುತ್ತಿದ್ದಾರೆ. ನೀವೂ ಅದೇ ಬಾಗಿಲಲ್ಲಿ ನಿಂತು ಮಾತಾಡಿ. ತಲೆನೋವು ಯಾವ ಹೊತ್ತಿಗೆ ಜಾಸ್ತಿ, ಆಗ ಮನೆಯಲ್ಲಿ ಯಾರಿರುತ್ತಾರೆ, ನೋವು ಬಂದಾಗ ಯಾರು ಏನನ್ನುತ್ತಾರೆ. ಸಂಜೆ ಆರಕ್ಕೆ ಶುರುವಾಗುವ ತಲೆನೋವಿಗೂ ಆರೂವರೆಗೆ ಮನೆಗೆ ಬರುವ ಗಂಡನಿಗೂ ಏನು ಸಂಬಂಧ ಅಂತ ನೀವು ಹೇಳಬೇಕಾಗಿಲ್ಲ, ಆಯಮ್ಮನೇ ಹೇಳುತ್ತಾರೆ, ಇವತ್ತಲ್ಲದಿದ್ದರೆ ಮೂರನೇ ಸೆಷನ್ನಿನಲ್ಲಿ.

ಕ್ಲೈಂಟುಗಳೂ ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ, ನೆನಪಿರಲಿ. ‘ನಿಮಗೆ ಮದುವೆ ಆಗಿದೆಯಾ?’, ‘ನಿಮ್ಮದು ಯಾವೂರು?’, ‘ಯಾವ ಕಡೆಯವರು ನೀವು?’ ಕೊನೆಯ ಪ್ರಶ್ನೆ ಜಾತಿಯದ್ದು ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು. ಪುಸ್ತಕ ಓದಿಕೊಂಡು ಬಂದ ಟ್ರೈನಿ ಇಂಥ ಕಡೆ ನೆಟ್ಟಗೆ ಕೂತು ‘ಅದನ್ನು ತಿಳಿಯುವುದು ನಿಮಗೆ ಯಾಕೆ ಮುಖ್ಯ ಅನ್ನಿಸುತ್ತದೆ?’ ಅಂತ ಕೇಳುತ್ತಾರೆ. ಅಮ್ಮನ ವಯಸ್ಸಿನ ಹೆಂಗಸಿಗೆ ಇದನ್ನು ಹೇಳಿದರೆ ಜಗಳಕ್ಕೆ ಬಂದ ಹಾಗೆ ಕೇಳಿಸುತ್ತದೆ. ಅವರು ಕೇಳುತ್ತಿರುವುದು ನಿಮ್ಮ ಮದುವೆಯ ವಿಷಯವನ್ನಲ್ಲ, ಈ ಹುಡುಗಿಗೆ ನನ್ನ ಸಂಸಾರದ ಗೋಳು ಅರ್ಥ ಆಗುತ್ತದಾ ಅನ್ನುವುದನ್ನು. ‘ಇನ್ನೂ ಆಗಿಲ್ಲಮ್ಮ. ಈ ಹುಡುಗಿಗೆ ಏನ್ ಗೊತ್ತಾಗುತ್ತೆ ಅನ್ನಿಸ್ತಿರಬಹುದು ಅಲ್ವಾ? ನೀವು ಹೇಳಿ, ನನಗೆ ಗೊತ್ತಾಗದಿದ್ದರೆ ಕೇಳ್ತೀನಿ’ ಅನ್ನಿ. ನಗುತ್ತಾರೆ, ಮುಂದೆ ಹೋಗುತ್ತಾರೆ. ಜಾತಿಯ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ. ಆದರೆ ಅದರ ಹಿಂದೆ ‘ನಮ್ಮವರಿಗೆ ಸುದ್ದಿ ಹೋಗುತ್ತಾ’ ಅನ್ನುವ ಭಯ ಇದ್ದೀತು, ಅದಕ್ಕೆ ಉತ್ತರ ಕೊಡಿ.

ಈಗ ಸಲಹೆಯ ವಿಷಯಕ್ಕೆ ಬರೋಣ, ಇವತ್ತಿನ ಮಾತಿನಲ್ಲಿ ಇದೇ ದೊಡ್ಡದು. ‘ನೀವೇ ಹೇಳಿ ಮೇಡಂ, ಏನ್ ಮಾಡ್ಲಿ?’ ಈ ಪ್ರಶ್ನೆ ಮೊದಲ ಸೆಷನ್ನಿನಲ್ಲಿ ಬರದೇ ಇರುವುದು ಅಪರೂಪ. ಸಲಹೆ ಕೊಡಬಾರದು ಅಂತ ತರಗತಿಯಲ್ಲಿ ಕಲಿತಿರುತ್ತೀರಿ, ಹಿರಿಯರ ಹತ್ತಿರ ಹೋದರೆ ಅವರು ದಾರಿ ತೋರಿಸಬೇಕು ಅಂತ ಕ್ಲೈಂಟ್ ಕಲಿತಿರುತ್ತಾರೆ. ಮನೋವೈದ್ಯ ಡಾ. ಜಸ್ವಂತ್ ಸಿಂಗ್ ನೇಕಿ 1973ರಲ್ಲೇ ಈ ಬಗ್ಗೆ ಬರೆದರು: ಭಾರತದಲ್ಲಿ ಚಿಕಿತ್ಸೆಯ ಸಂಬಂಧಕ್ಕೆ ಗುರು-ಶಿಷ್ಯರ ಸಂಬಂಧ ಒಂದು ಮಾದರಿ ಆಗಬಹುದು ಅಂತ. ಎಲ್ಲರೂ ಒಪ್ಪಿಲ್ಲ. ನನಗೂ ಪೂರ್ತಿ ಒಪ್ಪಿಗೆ ಇಲ್ಲ, ಗುರು ಅನ್ನಿಸಿಕೊಂಡ ಮೇಲೆ ಕೆಳಗಿಳಿಯುವುದು ಕಷ್ಟ. ಆದರೆ ಅವರು ಎತ್ತಿದ ವಿಷಯ ದಿಟ. ಬಂದವರು ನಿಮ್ಮನ್ನು ಕೂರಿಸುವ ಜಾಗ ಒಂದಿರುತ್ತದೆ, ನೀವು ಕೂರಬೇಕು ಅಂದುಕೊಂಡ ಜಾಗ ಬೇರೆ.

ತುಣುಕು ನೋಡಿ. ಮೂವತ್ತರ ಹೆಂಗಸು, ಗಂಡನ ಜೊತೆ ಮನಸ್ತಾಪ.

— ನೀವೇ ಹೇಳಿ ಮೇಡಂ, ನಾನು ಅವರ ಜೊತೆನೇ ಇರ್ಲಾ, ತವರಿಗೆ ಹೋಗ್ಲಾ?

ಇದಕ್ಕೆ ಟ್ರೈನಿಗಳಿಂದ ಎರಡು ಉತ್ತರ ಬರುತ್ತವೆ. ಒಂದು, ‘ಅದು ನಿಮ್ಮ ನಿರ್ಧಾರ’. ಪುಸ್ತಕದ ಪ್ರಕಾರ ಸರಿ. ಕೇಳಿದವರಿಗೆ ಮಾತ್ರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಎರಡು, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ನೋಡಿ, ಎಲ್ಲಾ ಸರಿ ಹೋಗುತ್ತೆ’. ಇದು ನಿಮ್ಮ ಅಜ್ಜಿ ನಿಮ್ಮೊಳಗಿಂದ ಮಾತಾಡಿದ್ದು. ಇವೆರಡೂ ಬೇಡ. ಈ ಸಾಲು ನೋಡಿ:

— ಬೇರೆಯವರನ್ನೂ ಕೇಳಿರ್ತೀರಲ್ವಾ? ಯಾರ್ಯಾರು ಏನೇನು ಹೇಳಿದ್ರು?
— ಅಮ್ಮ ಸಹಿಸ್ಕೋ ಅಂತಾರೆ. ಅಣ್ಣ ಬಂದ್ಬಿಡು, ನಾನಿದ್ದೀನಿ ಅಂತಾನೆ. ಅತ್ತಿಗೆ... ಅತ್ತಿಗೆ ಏನೂ ಹೇಳಲ್ಲ.
— ಅತ್ತಿಗೆ ಏನೂ ಹೇಳಲ್ಲ.
— ಹೂಂ. (ಸುಮ್ಮನಾಗುತ್ತಾರೆ.) ಹೋದ ಸಲ ಹೋದಾಗ ನನ್ನ ಬ್ಯಾಗ್ ನೋಡಿ, ಎಷ್ಟು ದಿನ ಇರ್ತೀರಿ ಅಂತ ಕೇಳಿದ್ರು. ಅಷ್ಟೇ ಕೇಳಿದ್ದು.

ತವರಿಗೆ ಹೋಗಲಾ ಬೇಡವಾ ಅನ್ನುವ ಪ್ರಶ್ನೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಈಗ ಕಾಣಿಸುತ್ತದೆ. ಗಂಡನ ವಿಷಯ ಇದೆ, ಇಲ್ಲ ಅಂತಲ್ಲ. ಜೊತೆಗೆ ತವರು ಈಗ ಅಮ್ಮನ ಮನೆಯಾಗಿ ಉಳಿದಿಲ್ಲ, ಅತ್ತಿಗೆಯ ಮನೆ ಆಗಿದೆ. ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ, ಅಣ್ಣನಿಗಂತೂ ಇಲ್ಲವೇ ಇಲ್ಲ. ಇಷ್ಟು ಬಂದಿದ್ದು ಒಂದೇ ಒಂದು ಪ್ರಶ್ನೆಯಿಂದ, ಆಮೇಲೆ ಅವರದೇ ಮಾತನ್ನು ಸುಮ್ನೆ ಒಂದು ಸಲ ಹೇಳಿ ಕಾದಿದ್ದರಿಂದ. ಸಲಹೆ ಕೇಳುವವರ ಹತ್ತಿರ ಆಗಲೇ ನಾಲ್ಕಾರು ಸಲಹೆ ಇರುತ್ತವೆ. ಅವುಗಳಲ್ಲಿ ಯಾವುದೂ ಯಾಕೆ ಹಿಡಿಸಲಿಲ್ಲ ಅನ್ನುವುದು ಮುಖ್ಯ. ಒಂದು ಎಚ್ಚರಿಕೆ ಮಾತ್ರ. ಮನೆಯಲ್ಲಿ ಹೊಡೆತ ಇದೆಯಾ ಅಂತ ನೇರವಾಗಿ ಕೇಳಲೇಬೇಕು, ಅದೂ ಆಕೆ ಒಬ್ಬರೇ ಇರುವಾಗ. ಇದೆ ಅಂದರೆ ಆಗ ಸುಮ್ಮನೆ ಕೇಳಿಸಿಕೊಂಡು ಕೂರುವ ಕೆಲಸ ಅಲ್ಲ. 181 ಮಹಿಳಾ ಸಹಾಯವಾಣಿ ಇದೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, ಸಾಂತ್ವನ ಕೇಂದ್ರಗಳಿವೆ. ಆ ಮಾಹಿತಿ ಬಾಯಲ್ಲಿರಬೇಕು.

‘ತಲೆ ಕೆಡಿಸ್ಕೋಬೇಡಿ’, ‘ಧೈರ್ಯವಾಗಿರಿ’, ‘ನಿಮಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದ್ದಾರೆ’. ಇವು ಮನೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆ ವಾರ್ಡಿನಲ್ಲಿ ಒಳ್ಳೆಯ ಮಾತುಗಳೇ. ಕೌನ್ಸೆಲಿಂಗ್ ರೂಮಿನಲ್ಲಿ ಇವುಗಳ ಅರ್ಥ ‘ಆಯ್ತು, ಇಲ್ಲಿಗೆ ನಿಲ್ಲಿಸಿ’ ಅಂತ. ಕ್ಲೈಂಟಿಗೆ ಅದು ತಿಳಿಯುತ್ತದೆ. ‘ಹೂಂ ಮೇಡಂ, ಸರಿ ಮೇಡಂ’ ಅನ್ನುತ್ತಾರೆ.

ಈ ‘ಸರಿ ಮೇಡಂ’ ಬಗ್ಗೆ ನಿಮಗೆ ಸ್ವಲ್ಪ ಅನುಮಾನ ಇರಲಿ. ಕೆನಡಾದ ಡೇವಿಡ್ ರೆನ್ನಿ ಅನ್ನುವವರು ಕ್ಲೈಂಟುಗಳಿಗೆ ಅವರದೇ ಸೆಷನ್ನಿನ ಟೇಪ್ ಹಾಕಿ, ಆ ಕ್ಷಣದಲ್ಲಿ ಮನಸ್ಸಿನಲ್ಲಿ ಏನಿತ್ತು ಅಂತ ಕೇಳಿದರು. 1994ರಲ್ಲಿ ಅವರು ಬರೆದದ್ದು ಇದು: ಥೆರಪಿಸ್ಟ್ ಹೇಳಿದ್ದು ತಪ್ಪು ಅನ್ನಿಸಿದರೂ, ಇಷ್ಟ ಆಗದಿದ್ದರೂ, ಕ್ಲೈಂಟುಗಳು ಗೌರವಕ್ಕೆ ಕಟ್ಟುಬಿದ್ದು ಬಾಯಿ ಬಿಡುವುದಿಲ್ಲ. ಥೆರಪಿಸ್ಟಿಗೆ ಬೇಜಾರಾಗದಿರಲಿ ಅಂತ ನೋಡಿಕೊಳ್ಳುತ್ತಾರೆ. ಟೊರಾಂಟೋದಲ್ಲೇ ಹೀಗಾದರೆ, ಡಾಕ್ಟರ್ ಮುಂದೆ ಕುರ್ಚಿಯ ತುದಿಯಲ್ಲಿ ಕೂರುವ ನಮ್ಮವರ ಕಥೆ ಏನು? ‘ಸರಿ ಮೇಡಂ’ ಎರಡು ಸಲ ಬಂತು ಅಂದರೆ ನೀವು ಜಾಸ್ತಿ ಮಾತಾಡುತ್ತಿದ್ದೀರಿ ಅಂತ ತಿಳಿಯಿರಿ. ‘ನಾನು ಹೇಳಿದ್ದು ನಿಮ್ಮ ಮನೆಗೆ ಹೊಂದಲ್ಲ ಅನ್ನಿಸ್ತಿದೆಯಾ?’ ಅಂತ ನೀವೇ ಕೇಳಿ. ಇಲ್ಲ ಅನ್ನಲು ಅವರಿಗೆ ಒಂದು ದಾರಿ ಬೇಕು.

ಕ್ಲೈಂಟ್ ಹೇಳಿದ್ದನ್ನು ತಿರುಗಿ ಹೇಳುವುದರ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅದನ್ನು ಗಿಳಿಪಾಠ ಮಾಡಿಟ್ಟುಕೊಂಡವರು ಇಲ್ಲಿ ಬಹಳ ಮಂದಿ ಇದ್ದೀರಿ. ಈ ರೀತಿಗೆ ಹೆಸರಾದ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಸೆಷನ್ನುಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ರೆಕಾರ್ಡ್ ಮಾಡಿಸಿದರು. 1942ರಲ್ಲಿ ಎಂಟು ಭೇಟಿಗಳ ಒಂದು ಇಡೀ ಕೇಸನ್ನು ಮಾತು ಮಾತಿಗೂ ಅಚ್ಚು ಹಾಕಿಸಿದರು. ಅದಕ್ಕೂ ಮೊದಲು ಆ ರೂಮಿನಲ್ಲಿ ಏನು ಮಾತಾಗುತ್ತದೆ ಅಂತ ಹೊರಗಿನವರಿಗೆ ಗೊತ್ತಾಗುತ್ತಿದ್ದುದು ಹೆಚ್ಚಾಗಿ ಕೌನ್ಸೆಲರ್ ನೆನಪಿನಿಂದ ಬರೆದ ಟಿಪ್ಪಣಿಯಿಂದ. ಆ ರೆಕಾರ್ಡಿಂಗುಗಳನ್ನು ಕೇಳಿದಾಗ ಅಲ್ಲಿ ಕಲಿಯುತ್ತಿದ್ದವರಿಗೆ ಆಶ್ಚರ್ಯ ಕಾದಿತ್ತು. ನಾವು ಕ್ಲೈಂಟಿಗೆ ಬಿಟ್ಟುಕೊಡುತ್ತಿದ್ದೇವೆ ಅಂದುಕೊಂಡಿದ್ದವರು, ಉದ್ದಕ್ಕೂ ತಾವೇ ಹಗ್ಗ ಹಿಡಿದು ಎಳೆಯುತ್ತಿದ್ದರು. ಟ್ರೈನಿಗಳು ತಮ್ಮದೇ ಮಾತು ಕೇಳಿ ಬೆಚ್ಚಿಬೀಳುವುದು ಆಗಿನಿಂದಲೇ ಇದೆ. ನಿಮ್ಮ ಮೊದಲ ಟೇಪ್ ಕೇಳಿ ಊಟ ಸೇರದಿದ್ದರೆ ನೀವು ಒಬ್ಬರೇ ಅಲ್ಲ.

ಆಮೇಲೆ ರೋಜರ್ಸ್ ಹೆಸರಿನಲ್ಲಿ ಉಳಿದಿದ್ದು ಮಾತ್ರ ಆ ತಿರುಗಿ ಹೇಳುವ ಚಾಳಿ. ಅವರಿಗೇ ಅದು ಬೇಸರ ತರಿಸಿತ್ತು. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಮಾಡಿದರು. ನೀವು ಟೈಪ್ ಮಾಡಿದ್ದನ್ನೇ ಸ್ವಲ್ಪ ತಿರುವಿ ಪ್ರಶ್ನೆಯಾಗಿ ವಾಪಸ್ ಕೊಡುತ್ತಿತ್ತು, ಅಷ್ಟೇ. ಅದಕ್ಕೆ ಏನೂ ಅರ್ಥ ಆಗುತ್ತಿರಲಿಲ್ಲ. ಆದರೂ ಅವರ ಸೆಕ್ರೆಟರಿಯೇ ಅದರ ಜೊತೆ ಮಾತು ಶುರು ಮಾಡಿದ ಮೇಲೆ ನೀವು ಸ್ವಲ್ಪ ಹೊರಗಿರಿ ಅಂದರಂತೆ. ಯಂತ್ರದ ಹತ್ತಿರವೂ ಜನ ಹೇಳಿಕೊಳ್ಳುತ್ತಾರೆ, ಇದು ಈಗ ನಮಗೆಲ್ಲ ಇನ್ನೂ ಚೆನ್ನಾಗಿ ಗೊತ್ತು. ಹಾಗಾಗಿ ಸುಮ್ನೆ ತಿರುಗಿ ಹೇಳುವುದೊಂದೇ ನಿಮ್ಮ ಕೆಲಸವಾದರೆ ನೀವು ಬೇಕಾಗಿಲ್ಲ. ‘ಅತ್ತಿಗೆ ಏನೂ ಹೇಳಲ್ಲ’ ಅಂತ ಆಗ ತಿರುಗಿ ಹೇಳಿದ್ದು ಕೆಲಸ ಮಾಡಿದ್ದು ಯಾಕೆ? ಹೇಳಿದ ಮೂರು ಜನರಲ್ಲಿ ಅತ್ತಿಗೆಯನ್ನು ಆರಿಸಿಕೊಂಡಿದ್ದಕ್ಕೆ. ಅಮ್ಮನನ್ನು ಆರಿಸಿದ್ದರೆ ಮಾತು ಬೇರೆ ಕಡೆ ಹೋಗುತ್ತಿತ್ತು. ‘ನಿಮಗೆ ದುಃಖ ಆಗ್ತಿದೆ ಅಂತ ನನಗೆ ಕೇಳಿಸ್ತಿದೆ’ ಅಂತ ಅನುವಾದದ ಕನ್ನಡದಲ್ಲಿ ಹೇಳಿದ್ದರಂತೂ ಆಕೆ ನೀರು ಕುಡಿದು ಮನೆಗೆ ಹೋಗುತ್ತಿದ್ದರು.

ಮೌನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟ್ರೈನಿಗೆ ಅರ್ಧ ನಿಮಿಷ ಅನ್ನಿಸುವುದು ಗಡಿಯಾರದಲ್ಲಿ ಐದಾರು ಸೆಕೆಂಡ್ ಇರುತ್ತದೆ, ಟೇಪಿನಲ್ಲಿ ಅಳೆದು ನೋಡಿ. ಕ್ಲೈಂಟ್ ಕಣ್ಣು ಕೆಳಗೆ ಹಾಕಿ ಯೋಚಿಸುತ್ತಿದ್ದರೆ ಬಿಡಿ. ನಿಮ್ಮನ್ನೇ ನೋಡುತ್ತಾ ಒದ್ದಾಡುತ್ತಿದ್ದರೆ ಸಹಾಯ ಮಾಡಿ. ಎಲ್ಲ ಮೌನವೂ ಪವಿತ್ರ ಅಲ್ಲ.

ಜೊತೆಗೆ ಬಂದವರ ವಿಷಯ ಪಠ್ಯಪುಸ್ತಕಗಳಲ್ಲಿ ಸಿಗುವುದು ಕಡಿಮೆ. ನಮ್ಮಲ್ಲಿ ಕ್ಲೈಂಟ್ ಒಬ್ಬರೇ ಬರುವುದಿಲ್ಲ. ಅಮ್ಮ ಬರುತ್ತಾರೆ, ಭಾವ ಬರುತ್ತಾರೆ, ಪಕ್ಕದ ಮನೆಯವರೂ ಬಂದು ‘ನಾನೇ ಕರ್ಕೊಂಡು ಬಂದಿದ್ದು’ ಅನ್ನುತ್ತಾರೆ. ನೀವು ಹುಡುಗಿಯನ್ನು ಕೇಳುತ್ತೀರಿ, ಅಮ್ಮ ಉತ್ತರ ಹೇಳುತ್ತಾರೆ. ‘ದಯವಿಟ್ಟು ನೀವು ಹೊರಗಿರಿ’ ಅಂತ ಮೊದಲ ನಿಮಿಷದಲ್ಲೇ ಕಳಿಸಿದರೆ ಮುಂದಿನ ವಾರ ಇಬ್ಬರೂ ಬರುವುದಿಲ್ಲ, ಆಟೋ ದುಡ್ಡು ಕೊಡುವವರು ಅವರು ತಾನೇ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ರೋಗಿಗಳ ಮನೆಯವರನ್ನು ಆಸ್ಪತ್ರೆ ಆವರಣದ ಟೆಂಟುಗಳಲ್ಲಿ ಉಳಿಸಿಕೊಂಡು ಚಿಕಿತ್ಸೆಯ ಭಾಗ ಮಾಡಿದ್ದರು. ಮನೆಯವರು ಅಡ್ಡಿ ಅಂತ ಅಂದುಕೊಂಡು ಶುರು ಮಾಡಬೇಡಿ. ಮೊದಲು ಅಮ್ಮನ ಮಾತು ಐದು ನಿಮಿಷ ಕೇಳಿ, ಆ ಹೊತ್ತಿನಲ್ಲಿ ಮಗಳ ಮುಖ ನೋಡುತ್ತಿರಿ. ಆಮೇಲೆ ‘ಅಮ್ಮಾ, ಈಗ ಇವಳ ಹತ್ತಿರ ಸ್ವಲ್ಪ ಹೊತ್ತು ಮಾತಾಡ್ತೀನಿ, ಕೊನೆಗೆ ಮತ್ತೆ ನಿಮ್ಮನ್ನು ಕರೀತೀನಿ’ ಅನ್ನಿ. ಕರೆಯುತ್ತೀನಿ ಅಂದ ಮೇಲೆ ಕರೆಯಲೇಬೇಕು.

ಗೋಪ್ಯತೆಯ ಮಾತನ್ನು ಬ್ಯಾಂಕಿನ ಷರತ್ತು ಓದಿದ ಹಾಗೆ ಒಂದೇ ಉಸಿರಿಗೆ ಓದಿ ಮುಗಿಸಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೋಪ್ಯತೆಯ ಹಕ್ಕೂ ಇದೆ, ಮಿತಿಗಳೂ ಇವೆ. ಮಕ್ಕಳ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ‘ಯಾರಿಗೂ ಏನೂ ಹೇಳಲ್ಲ’ ಅಂತ ಹದಿನೈದರ ಹುಡುಗಿಗೆ ಮಾತು ಕೊಟ್ಟು, ಹತ್ತು ನಿಮಿಷ ಆದ ಮೇಲೆ ಪೊಲೀಸರ ಹೆಸರು ತೆಗೆದರೆ ಅವಳು ಮತ್ತೆ ಯಾವ ದೊಡ್ಡವರನ್ನೂ ನಂಬುವುದಿಲ್ಲ. ಹೇಳಬಾರದ್ದು ಯಾವುದು, ಹೇಳಲೇಬೇಕಾದ್ದು ಯಾವುದು ಅಂತ ಅವಳ ಮಾತಿನಲ್ಲೇ, ಮೊದಲೇ ಹೇಳಿ.

ಭಾಷಣ ಇಲ್ಲಿಗೆ ಮುಗಿದಿತ್ತು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಕ್ಲೈಂಟ್ ಸಾಯುವ ಮಾತಾಡಿದರೆ ಅದನ್ನು ಎತ್ತಬಹುದಾ, ಎತ್ತಿದರೆ ನಾವೇ ಆ ಯೋಚನೆ ತಲೆಗೆ ಹಾಕಿದ ಹಾಗೆ ಆಗಲ್ವಾ?

ಆಗುವುದಿಲ್ಲ. 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಸ್ಕೂಲು ಮಕ್ಕಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು ಇದನ್ನೇ ನೋಡಿತು. ಕೇಳಿದ್ದರಿಂದ ಮಕ್ಕಳ ಸಂಕಟವಾಗಲಿ, ಸಾಯುವ ಯೋಚನೆಯಾಗಲಿ ಹೆಚ್ಚಾಗಲಿಲ್ಲ. ನಮ್ಮಲ್ಲಿ ಇರುವ ತೊಂದರೆ ಬೇರೆ. ನಮ್ಮವರು ಇದನ್ನು ನೇರವಾಗಿ ಹೇಳುವುದು ಕಡಿಮೆ. ‘ಎಲ್ಲಾದ್ರೂ ಹೊರಟು ಹೋಗ್ಬೇಕು ಅನ್ಸುತ್ತೆ’, ‘ಮಲಗಿದೋಳು ಏಳದಿದ್ರೆ ಸಾಕು’, ‘ಇದ್ದು ಏನ್ ಪ್ರಯೋಜನ’, ‘ದೇವರು ಬೇಗ ಕರ್ಕೊಳ್ಳಲಿ’. ಎಂಬತ್ತರ ಅಜ್ಜಿ ದಿನಾ ಹೇಳುವ ಮಾತೂ ಇದೇ, ಹಾಗಾಗಿ ಸುಲಭವಾಗಿ ದಾಟಿ ಹೋಗುತ್ತೇವೆ. ದಾಟಬೇಡಿ. ಅದೂ ಹೆಚ್ಚಾಗಿ ಎದ್ದು ಚಪ್ಪಲಿ ಹಾಕಿಕೊಳ್ಳುವಾಗ, ಇನ್ನೇನು ಹೊರಡಬೇಕು ಅನ್ನುವಾಗ ಬರುತ್ತದೆ. ‘ಹೊರಟು ಹೋಗ್ಬೇಕು ಅಂದ್ರಲ್ಲ, ಸಾಯ್ಬೇಕು ಅನ್ಸುತ್ತಾ?’ ಅಂತ ಸ್ಪಷ್ಟವಾಗಿ, ಮೆಲ್ಲಗೆ, ಅವರನ್ನು ಮತ್ತೆ ಕೂರಿಸಿ ಕೇಳಿ. ಹೌದು ಅಂದರೆ ಅವರನ್ನು ಒಬ್ಬರೇ ಕಳಿಸಬೇಡಿ, ಸೂಪರ್‌ವೈಸರಿಗೆ ಆಗಲೇ ಫೋನ್ ಮಾಡಿ, ಮನಸ್ಸಿನ ಡಾಕ್ಟರ ಹತ್ತಿರ ಹೋಗುವ ವ್ಯವಸ್ಥೆ ಮಾಡಿ. ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೇಳಿದರೆ ಪೊಲೀಸ್ ಕೇಸ್ ಆಗುತ್ತದೆ ಅಂತ ಈಗಲೂ ಹೆದರುವವರಿದ್ದಾರೆ. ಯೋಚನೆ ಬಂದಿದೆ ಅಂತ ಹೇಳಿಕೊಳ್ಳುವುದು ಯಾವತ್ತೂ ಅಪರಾಧ ಆಗಿರಲಿಲ್ಲ. ಪ್ರಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ ಕೂಡ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಾಗೇ ಮುಂದುವರಿದಿಲ್ಲ. ಈ ಭಯ ಇದ್ದವರಿಗೆ ಅದನ್ನು ತಿಳಿಸಿ.

ಇನ್ನೊಬ್ಬರ ಪ್ರಶ್ನೆ: ರೆಕಾರ್ಡ್ ಮಾಡಲು ಕ್ಲೈಂಟ್ ಒಪ್ಪದಿದ್ದರೆ ನಮ್ಮ ಮಾತನ್ನು ನಾವು ಪರೀಕ್ಷಿಸಿಕೊಳ್ಳುವುದು ಹೇಗೆ?

ಒಪ್ಪದಿದ್ದರೆ ಬಿಟ್ಟುಬಿಡಿ, ಎರಡನೇ ಸಲ ಕೇಳಬೇಡಿ. ಮೊದಲೇ ಹೇಳಿದೆನಲ್ಲ, ನಮ್ಮವರಿಗೆ ಇಲ್ಲ ಅನ್ನುವುದೇ ಕಷ್ಟ, ಇಲ್ಲ ಅಂದಿದ್ದಾರೆ ಅಂದರೆ ಅದಕ್ಕೆ ಬೆಲೆ ಕೊಡಿ. ಸೆಷನ್ ಮುಗಿದ ಅವತ್ತೇ, ಮನೆಗೆ ಹೋಗುವುದಕ್ಕೆ ಮುಂಚೆ, ಯಾವುದಾದರೂ ಐದು ನಿಮಿಷದ ಮಾತನ್ನು ನೆನಪಿದ್ದಷ್ಟು ಬರೆಯಿರಿ. ಅವರಂದಿದ್ದು, ನೀವಂದಿದ್ದು, ನಾಟಕದ ಹಾಗೆ ಒಂದರ ಕೆಳಗೊಂದು. ಹೆಸರು, ಊರು ಬೇಡ. ನೀವು ಹೇಳಿದ ಪ್ರತಿ ಸಾಲಿನ ಪಕ್ಕ, ಅದನ್ನು ಹೇಳುವಾಗ ನಿಮಗೇನು ಅನ್ನಿಸುತ್ತಿತ್ತು ಅಂತ ಎರಡು ಪದ ಬರೆಯಿರಿ. ‘ಭಯ’, ‘ಟೈಮ್ ಆಯ್ತು’, ‘ಅಳ್ತಾರೇನೋ’, ‘ಗೊತ್ತಾಗ್ಲಿಲ್ಲ’, ಏನಾದರೂ ಸರಿ. ರೆಕಾರ್ಡಿಂಗಿನಷ್ಟು ನಿಖರ ಇರುವುದಿಲ್ಲ, ನೆನಪು ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ, ನಿಮ್ಮ ಸಾಲುಗಳು ಕಾಗದದ ಮೇಲೆ ಇದ್ದದ್ದಕ್ಕಿಂತ ಚೆನ್ನಾಗಿಯೇ ಬರುತ್ತವೆ. ಆದರೂ ಆ ಪಕ್ಕದ ಕಾಲಂ ರೆಕಾರ್ಡಿಂಗಿನಲ್ಲಿ ಸಿಗುವುದಿಲ್ಲ. ಮುಂದಿನ ಸೂಪರ್ವಿಷನ್ನಿಗೆ ಅಂಥ ಒಂದು ಪುಟ ತನ್ನಿ, ಟೈಪ್ ಮಾಡುವುದೇನೂ ಬೇಡ, ಕೈಬರಹದಲ್ಲೇ ಇರಲಿ.